ರೋಗ್‌ಲೈಕ್ ಆಟಗಳು ಜೂಜೇ? ಸತ್ತು ಸತ್ತು ಮತ್ತೆ ಆಡುವ ಆಟದ ಒಳಗೇನಿದೆ

“ಪೋಷಕರೇ ಎಚ್ಚರ! ‘ರೋಗ್‌ಲೈಕ್’ ಎಂಬ ಹೊಸ ಜೂಜಿನ ಆಟ ಮಕ್ಕಳ ಮೊಬೈಲಿಗೆ ಬಂದಿದೆ. ಇದರಲ್ಲಿ ಸಾಯುತ್ತಲೇ ಇರಬೇಕು. ಮೆದುಳಿನಲ್ಲಿ ಮಾದಕವಸ್ತುವಿನಷ್ಟೇ ಡೋಪಮೈನ್ ಬಿಡುಗಡೆಯಾಗುತ್ತದೆ. ತಪ್ಪದೇ ಹತ್ತು ಗುಂಪುಗಳಿಗೆ ಕಳಿಸಿ.”

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಅಕ್ಕ ಹಾಕಿದ ಫಾರ್ವರ್ಡ್ ಇದು. ಅದರ ಹಿಂದೆಯೇ ಫೋನೂ ಬಂತು. “ನೋಡೇ, ಇವ್ನು ಮೊಬೈಲಲ್ಲಿ ಇಸ್ಪೀಟು ಆಡ್ತಾ ಕೂತಿದಾನೆ. ನೀನು ಇಂಥದ್ದನ್ನೆಲ್ಲ ಚೆಕ್ ಮಾಡ್ತೀಯಲ್ಲ, ಇದು ನಿಜವಾ ಹೇಳು. ನಿಜ ಆದ್ರೆ ಇವತ್ತೇ ಫೋನ್ ಕಿತ್ಕೋತೀನಿ.” ಇವನು ಎಂದರೆ ಅವಳ ಮಗ, ವಯಸ್ಸು 16. ಆಡುತ್ತಿದ್ದ ಆಟದ ಹೆಸರು ಬಲಾಟ್ರೊ.

ಅಕ್ಕನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅವಳ ಮೈದುನ ಎರಡು ವರ್ಷದ ಹಿಂದೆ ಒಂದು ರಮ್ಮಿ ಆ್ಯಪಿನಲ್ಲಿ ಮೊದಲು ಸಂಬಳ, ಆಮೇಲೆ ಸ್ನೇಹಿತರಿಂದ ತಂದ ಸಾಲ ಎರಡನ್ನೂ ಕಳೆದುಕೊಂಡಿದ್ದರು. ಆ ಮನೆಯಲ್ಲಿ ಮೊಬೈಲಿನ ಪರದೆಯ ಮೇಲೆ ಇಸ್ಪೀಟಿನ ಎಲೆ ಕಂಡರೆ ಎಲ್ಲರ ಎದೆಯೂ ಧಸಕ್ಕೆನ್ನುತ್ತದೆ. ಹಾಗಾಗಿ “ಸುಳ್ಳು ಫಾರ್ವರ್ಡ್, ಡಿಲೀಟ್ ಮಾಡು” ಎಂದು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಆಟವನ್ನು ನಾನೇ ಕೊಂಡು ಆಡಿದೆ. ಪರೀಕ್ಷೆಗೆಂದು ಶುರು ಮಾಡಿದ್ದು ಈಗ ಇಷ್ಟವಾಗಿಬಿಟ್ಟಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮಾತನ್ನು ಅಷ್ಟು ರಿಯಾಯಿತಿ ಕಳೆದೇ ಓದಿ.

ಚುಟುಕಾಗಿ ಹೇಳುವುದಾದರೆ, ರೋಗ್‌ಲೈಕ್ ಎನ್ನುವುದು ಜೂಜಲ್ಲ, ಹೊಸದೂ ಅಲ್ಲ. ಡೋಪಮೈನ್ ವಿಚಾರದಲ್ಲಿ ಅರ್ಧ ಸತ್ಯಕ್ಕೆ ಮಸಾಲೆ ಹಚ್ಚಲಾಗಿದೆ. ಸಾಯುತ್ತಲೇ ಇರಬೇಕು ಎನ್ನುವುದು ಮಾತ್ರ ನೂರಕ್ಕೆ ನೂರು ನಿಜ.

ರೋಗ್ ಎಂದರೆ ಕಾಯಿಲೆಯಲ್ಲ

ಕನ್ನಡದಲ್ಲಿ ಬರೆದರೆ ಹೆಸರೇ ಹೆದರಿಸುತ್ತದೆ. ಆದರೆ ಇಲ್ಲಿನ ‘ರೋಗ್’ ಇಂಗ್ಲಿಷಿನದು. ಠಕ್ಕ, ಪೋಕರಿ ಎಂಬ ಅರ್ಥದ ಪದ. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ರೋಗ್’ ಎಂಬ ಕಂಪ್ಯೂಟರ್ ಆಟ ಬರೆದರು. ಆಮೇಲೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಅವರ ಜೊತೆ ಸೇರಿದರು. ಅದರಂತೆಯೇ ಇರುವ ಆಟಗಳಿಗೆ ‘ರೋಗ್‌ಲೈಕ್’, ಅಂದರೆ ‘ರೋಗ್‌ನ ಹಾಗಿರುವುದು’ ಎಂಬ ಹೆಸರು ಬಿತ್ತು.

ಆ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ನಿಮ್ಮ ಪಾತ್ರ ಎಂದರೆ ಇಮೇಲ್ ವಿಳಾಸದ ನಡುವೆ ಬರುವ ‘ಅಟ್’ ಗುರುತು. ರಾಕ್ಷಸರು ಇಂಗ್ಲಿಷ್ ವರ್ಣಮಾಲೆಯ 26 ದೊಡ್ಡಕ್ಷರಗಳು. ನೆಲಮಾಳಿಗೆಯೊಂದರ ಆಳಕ್ಕಿಳಿದು ಒಂದು ತಾಯಿತವನ್ನು ಹುಡುಕಿ ಮೇಲಕ್ಕೆ ತರಬೇಕು, ಇಷ್ಟೇ ಕಥೆ. ಆ ಕಾಲದ ಇತರ ಸಾಹಸದ ಆಟಗಳಲ್ಲಿ ಒಮ್ಮೆ ದಾರಿ ಗೊತ್ತಾದರೆ ಮುಗಿಯಿತು, ಎರಡನೇ ಸಲ ಸ್ವಾರಸ್ಯವಿಲ್ಲ. ಬರೆದವರಿಗಂತೂ ಮೊದಲ ಸಲವೂ ಇಲ್ಲ! ತಾವು ಬರೆದ ಆಟ ತಮ್ಮನ್ನೇ ಅಚ್ಚರಿಗೊಳಿಸಬೇಕು ಎಂದು ಟಾಯ್ ಮತ್ತು ವಿಚ್‌ಮನ್ ಹೊರಟರು. ಅದಕ್ಕಾಗಿ ಪ್ರತಿ ಸಲ ಆಡುವಾಗಲೂ ಕೋಣೆಗಳನ್ನೂ ದಾರಿಗಳನ್ನೂ ಕಂಪ್ಯೂಟರೇ ಹೊಸದಾಗಿ ಜೋಡಿಸುವಂತೆ ಮಾಡಿದರು.

ಇನ್ನೊಂದು ನಿಯಮ ಇದಕ್ಕಿಂತ ಕಠಿಣ. ಸತ್ತರೆ ಸತ್ತಂತೆಯೇ, ಮೊದಲಿನಿಂದ ಶುರು ಮಾಡಬೇಕು. ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸಬಹುದು. ಆದರೆ ತೆರೆದ ಕೂಡಲೇ ಆ ಉಳಿಕೆಯ ಕಡತ ಅಳಿಸಿಹೋಗುತ್ತದೆ, ಹಿಂದಕ್ಕೆ ಹೋಗಿ ತಪ್ಪು ತಿದ್ದಲು ಆಗದು. ಮದ್ದಿನ ಸೀಸೆಗಳಲ್ಲೂ ಒಂದು ಕುಚೋದ್ಯವಿತ್ತು. ಈ ಆಟದಲ್ಲಿ ಗಾಯ ವಾಸಿ ಮಾಡಿದ ಬಣ್ಣದ ಸೀಸೆಯಲ್ಲಿ ಮುಂದಿನ ಆಟದಲ್ಲಿ ವಿಷವಿರಬಹುದು. ಹಾಗಾಗಿ ಉತ್ತರಗಳನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಗೊತ್ತಿಲ್ಲದ ಸೀಸೆಯನ್ನು ಯಾವಾಗ ಕುಡಿದು ನೋಡಬೇಕು ಎಂಬ ವಿವೇಚನೆಯೊಂದೇ ಒಂದು ಆಟದಿಂದ ಇನ್ನೊಂದಕ್ಕೆ ದಾಟಿ ಬರುವುದು. ನನಗೆ ಈ ಬಗೆಯ ಆಟಗಳ ತಿರುಳು ಅರ್ಥವಾದದ್ದೇ ಈ ಸೀಸೆಗಳಿಂದ.

1983ರಲ್ಲಿ ಬರ್ಕ್ಲಿಯ ಯುನಿಕ್ಸ್ ಜೊತೆಗೇ ಈ ಆಟ ವಿಶ್ವವಿದ್ಯಾಲಯಗಳಿಗೆ ಹಂಚಿಕೆಯಾಯಿತು. 1987ರಲ್ಲಿ ನೆಟ್‌ಹ್ಯಾಕ್ ಬಂತು. 2008ರಲ್ಲಿ ಡೆರೆಕ್ ಯು ಎಂಬಾತ ‘ಸ್ಪೆಲಂಕಿ’ಯಲ್ಲಿ ಇದೇ ನಿಯಮಗಳನ್ನು ಹಾರಿ ಓಡುವ ಮಾರಿಯೋ ಬಗೆಯ ಆಟಕ್ಕೆ ಬೆಸೆದ ಮೇಲೆ, ಅಕ್ಷರಗಳ ಪರದೆಯಲ್ಲಿ ಅಡಗಿದ್ದ ಈ ಕಲ್ಪನೆ ಎಲ್ಲ ಕಡೆ ಹಬ್ಬಿತು. ಅಂದರೆ ಫಾರ್ವರ್ಡ್ ಹೇಳುವ ‘ಹೊಸ ಆಟ’ಕ್ಕೆ ನನಗಿಂತ, ಬಹುಶಃ ನಿಮಗಿಂತಲೂ, ವಯಸ್ಸು ಹೆಚ್ಚು.

ನಾಲ್ಕು ಅಂಕ ಕಡಿಮೆ ಬಿದ್ದಾಗ

ಈಗ ಬಲಾಟ್ರೊ. 2024ರ ಫೆಬ್ರವರಿಯಲ್ಲಿ ಬಂದ ಇದನ್ನು ಮಾಡಿದ್ದು ‘ಲೋಕಲ್‌ಥಂಕ್’ ಎಂಬ ಗುಪ್ತನಾಮದ, ಕೆನಡಾದ ಒಬ್ಬನೇ ವ್ಯಕ್ತಿ. ಒಂದು ವರ್ಷ ತುಂಬುವ ಮೊದಲೇ 50 ಲಕ್ಷ ಪ್ರತಿಗಳು ಮಾರಾಟವಾದವು. ಇದರಲ್ಲಿರುವುದು ಇಸ್ಪೀಟಿನ ಎಲೆಗಳೇ, ಜೋಡಣೆಗಳ ಹೆಸರೂ ಪೋಕರಿನವೇ. ಆದರೆ ಎದುರಾಳಿ ಎಂದು ಯಾರೂ ಇಲ್ಲ. ಹಣ ಹಾಕುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಕೊಟ್ಟ ಅಂಕದ ಗುರಿಯನ್ನು ಕೆಲವೇ ಕೈಗಳಲ್ಲಿ ಮುಟ್ಟಬೇಕು, ಅಷ್ಟೇ.

ಮೊದಲ ಗುರಿ 300 ಅಂಕ. ನನ್ನ ಕೈಯಲ್ಲಿ ಆಟೀನಿನ ಐದು ಎಲೆಗಳು ಬಂದವು ಎಂದುಕೊಳ್ಳಿ: ರಾಜ, ಗುಲಾಮ, ಒಂಬತ್ತು, ಆರು, ನಾಲ್ಕು. ಒಂದೇ ಗುರುತಿನ ಐದು ಎಲೆಗೆ ಆಟ 35 ಅಂಕ ಕೊಟ್ಟು, ಒಟ್ಟನ್ನು 4ರಿಂದ ಗುಣಿಸುತ್ತದೆ. ರಾಜನಿಗೂ ಗುಲಾಮನಿಗೂ ಹತ್ತು ಹತ್ತು, ಉಳಿದವಕ್ಕೆ ಅವುಗಳದೇ ಸಂಖ್ಯೆ. ಎಲೆಗಳಿಂದ 39, ಅದಕ್ಕೆ 35 ಸೇರಿಸಿದರೆ 74. ನಾಲ್ಕರಿಂದ ಗುಣಿಸಿದರೆ 296.

ನಾಲ್ಕೇ ಅಂಕ ಕಡಿಮೆ! ಆರರ ಬದಲು ಏಳು ಇದ್ದಿದ್ದರೆ 300 ಸರಿಯಾಗಿ ಆಗುತ್ತಿತ್ತು. ಅದೇ ನನ್ನ ಬಳಿ ಜೋಕರ್ ಎಂಬ ಸಾದಾ ಸಹಾಯಕ ಎಲೆ ಇದ್ದಿದ್ದರೆ ಗುಣಿಸುವ ಸಂಖ್ಯೆಗೆ ಇನ್ನೊಂದು 4 ಸೇರಿ 8 ಆಗುತ್ತಿತ್ತು, ಅಂಕ 592. ಬಲಾಟ್ರೊದಲ್ಲಿ ಇಂತಹ 150 ಜೋಕರ್‌ಗಳಿವೆ, ಸಾಮಾನ್ಯವಾಗಿ ಒಮ್ಮೆಗೆ ಐದನ್ನು ಮಾತ್ರ ಇಟ್ಟುಕೊಳ್ಳಬಹುದು. ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕು ಎಂಬುದರಲ್ಲೇ ಆಟದ ಜೀವವಿದೆ. ಅಕ್ಕನ ಮಗ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಾಕಾರ ಮಾಡುತ್ತಾ ಕೂತಿದ್ದ ಗುಟ್ಟು ಆಗ ತಿಳಿಯಿತು.

‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಈ ಭಾವನೆಯ ಬಗ್ಗೆ ಎಚ್ಚರ ಬೇಕು ಎಂಬುದು ನಿಜ. ಜೂಜಿನ ಯಂತ್ರಗಳ ಬಲವೂ ಇದೇ. ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲೆಳೆಯಲ್ಲಿ ತಪ್ಪಿದ ಸೋಲು ಬೇಸರ ತರಿಸಿದರೂ ಮತ್ತೆ ಆಡುವ ಆಸೆಯನ್ನು ಹೆಚ್ಚಿಸಿತು, ಅದೂ ಆಟ ತನ್ನ ಕೈಯಲ್ಲಿದೆ ಎಂದು ಆಡುವವರಿಗೆ ಅನ್ನಿಸಿದಾಗ. ವ್ಯತ್ಯಾಸ ಇರುವುದು ಆ ಸೋಲು ಏನನ್ನಾದರೂ ಹೇಳುತ್ತದೆಯೇ ಎಂಬಲ್ಲಿ. ಸ್ಲಾಟ್ ಯಂತ್ರದಲ್ಲಿ ಎರಡು ಚೆರ್ರಿ ಬಂದು ಮೂರನೆಯದು ತಪ್ಪಿದರೆ ಅದರಿಂದ ಕಲಿಯಲು ಏನೂ ಇಲ್ಲ. 296ರಲ್ಲಿ ಇದೆ: ಆರನ್ನು ಬದಲಿಸಲು ಅವಕಾಶವಿತ್ತು, ನಾನು ಬದಲಿಸಲಿಲ್ಲ.

ಈ ಗೊಂದಲ ನಮ್ಮೂರಿಗಷ್ಟೇ ಸೀಮಿತವೂ ಅಲ್ಲ. ಯುರೋಪಿನಲ್ಲಿ ಆಟಗಳಿಗೆ ವಯಸ್ಸಿನ ಮಿತಿ ಹಾಕುವ ಪೆಗಿ ಸಂಸ್ಥೆ ಬಲಾಟ್ರೊಗೆ ಮೊದಲು 3 ವರ್ಷ ಮೇಲ್ಪಟ್ಟವರಿಗೆ ಎಂದಿತ್ತು. ಬಿಡುಗಡೆಯ ಹೊತ್ತಿನಲ್ಲೇ ಅದನ್ನು ಒಮ್ಮೆಲೇ 18ಕ್ಕೆ ಏರಿಸಿತು. ಕೆಲವು ದೇಶಗಳ ಆನ್‌ಲೈನ್ ಅಂಗಡಿಗಳಿಂದ ಆಟ ಕೆಲಕಾಲ ಮಾಯವೂ ಆಯಿತು. ನಿಜವಾದ ದುಡ್ಡು ಕೊಟ್ಟು ಮುಚ್ಚಿದ ಪೊಟ್ಟಣ ಕೊಳ್ಳುವ ಫುಟ್‌ಬಾಲ್ ಆಟಕ್ಕೆ 3, ದುಡ್ಡೇ ಇಲ್ಲದ ನನ್ನ ಆಟಕ್ಕೆ 18 ಏಕೆ ಎಂದು ಲೋಕಲ್‌ಥಂಕ್ ಬಹಿರಂಗವಾಗಿಯೇ ಕೇಳಿದ. ಮೇಲ್ಮನವಿಯ ನಂತರ 2025ರ ಫೆಬ್ರವರಿಯಲ್ಲಿ ಮಿತಿ 12ಕ್ಕೆ ಇಳಿಯಿತು. ತನ್ನ ಆಟದ ಹಕ್ಕು ಎಂದೂ ಜೂಜಿನ ಕಂಪನಿಗೆ ಹೋಗಬಾರದೆಂದು ಉಯಿಲಿನಲ್ಲೇ ಬರೆಸಿರುವುದಾಗಿಯೂ ಆತ ಹೇಳಿಕೊಂಡಿದ್ದಾನೆ.

ಕವಡೆ ಮೊದಲೋ, ನಡೆ ಮೊದಲೋ

“ಅದೃಷ್ಟ ಇದ್ದಮೇಲೆ ಜೂಜೇ ಅಲ್ವಾ?” ಇದು ಅಕ್ಕನ ಮುಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಜಗಲಿಯ ಮೇಲೆಯೇ ಇದೆ.

ಹಾವು ಏಣಿ ಆಟ ನೆನಪಿಸಿಕೊಳ್ಳಿ. ದಾಳ ಎಷ್ಟು ಹೇಳಿದರೆ ಅಷ್ಟು ಮನೆ ಹೋಗುತ್ತೀರಿ, ಹಾವಿನ ಬಾಯಿಗೆ ಬಿದ್ದರೆ ಇಳಿಯುತ್ತೀರಿ. ನಿಮ್ಮದೆಂಬ ಒಂದು ತೀರ್ಮಾನವೂ ಅದರಲ್ಲಿಲ್ಲ. ಚೌಕಾಬಾರ ಹಾಗಲ್ಲ. ಕವಡೆ ಬೀಳುವುದು ಅದೃಷ್ಟ. ಆದರೆ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು, ಎದುರಿನವರ ಕಾಯಿ ಕಡಿಯಬೇಕೋ, ಕಡಿಯಲಾಗದ ಮನೆಗೆ ಸೇರಿ ಕೂರಬೇಕೋ ಎಂಬುದು ನಿಮ್ಮದು. ನಮ್ಮ ಅಜ್ಜಿಗೆ ಒಳ್ಳೆಯ ಕವಡೆ ಬೀಳುತ್ತಿದ್ದದ್ದು ನಮ್ಮಷ್ಟೇ. ಆದರೂ ಗೆಲ್ಲುತ್ತಿದ್ದದ್ದು ಅವರೇ.

ಲಾಟರಿಯಲ್ಲಿ ಮೊದಲು ನೀವು ತೀರ್ಮಾನಿಸಿ ದುಡ್ಡು ಕೊಡುತ್ತೀರಿ, ಅದೃಷ್ಟ ಆಮೇಲೆ ಬರುತ್ತದೆ. ಬಂದ ಮೇಲೆ ನಿಮಗೆ ಮಾಡಲು ಏನೂ ಉಳಿದಿರುವುದಿಲ್ಲ. ಚೌಕಾಬಾರದಲ್ಲಿ ಅದೃಷ್ಟ ಮೊದಲು, ತೀರ್ಮಾನ ಆಮೇಲೆ. ಒಳ್ಳೆಯ ರೋಗ್‌ಲೈಕ್‌ಗಳು ಹೆಚ್ಚಾಗಿ ಈ ಎರಡನೇ ಜಾತಿಗೆ ಸೇರಿದವು. 2019ರಲ್ಲಿ ಪೂರ್ಣಗೊಂಡ ‘ಸ್ಲೇ ದ ಸ್ಪೈರ್’ ಎಂಬ ಎಲೆಯಾಟದಲ್ಲಿ ಶತ್ರು ಮುಂದಿನ ಸರದಿಯಲ್ಲಿ ಎಷ್ಟು ಏಟು ಕೊಡುತ್ತಾನೆ ಎಂಬುದು ಅವನ ತಲೆಯ ಮೇಲೆಯೇ ಕಾಣುತ್ತದೆ. ನಿಮ್ಮ ಕೈಗೆ ಐದು ಎಲೆ ಬಂದಿರುತ್ತದೆ. ಹೊಡೆಯಬೇಕೋ, ತಡೆಯಬೇಕೋ ಯೋಚಿಸಿ. ಅವಸರವಿಲ್ಲ, ಗಡಿಯಾರ ಓಡುವುದಿಲ್ಲ. ಇದರ ಅತಿ ಕಠಿಣ ಹಂತದಲ್ಲೂ ಒಂದರ ಹಿಂದೆ ಒಂದರಂತೆ ಹಲವು ಆಟ ಗೆಲ್ಲುವ ನುರಿತವರಿದ್ದಾರೆ. ಬರೀ ಅದೃಷ್ಟದ ಆಟದಲ್ಲಿ ಅದು ಸಾಧ್ಯವಿಲ್ಲ.

ಇಲ್ಲಿ ಒಂದು ಬಲೆ ಇದೆ, ನೋಡಿ ನಡೆಯಬೇಕು. “ಕೌಶಲ್ಯದ ಆಟ, ಆದ್ದರಿಂದ ಅಪಾಯವಿಲ್ಲ” ಎಂದು ನಾನು ಬರೆದರೆ ಅದು ಇನ್ನೊಂದು ಸುಳ್ಳು ಫಾರ್ವರ್ಡ್ ಆಗುತ್ತದೆ. ರಮ್ಮಿಯಲ್ಲೂ ಎಲೆ ಮೊದಲು, ತೀರ್ಮಾನ ಆಮೇಲೆ. ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಹಾಗೆಂದು ಅಕ್ಕನ ಮೈದುನನ ಸಾಲ ಕಡಿಮೆಯಾಗಲಿಲ್ಲ. ಕೌಶಲ್ಯವಿದೆಯೋ ಅದೃಷ್ಟವಿದೆಯೋ ಎಂಬ ಪ್ರಶ್ನೆಯ ಜೊತೆ ಇನ್ನೊಂದು ಪ್ರಶ್ನೆ ಬೇಕೇ ಬೇಕು: ಪಣಕ್ಕೆ ಇಟ್ಟಿರುವುದೇನು? ಧರ್ಮರಾಯನ ಕಥೆಯಲ್ಲೂ ಮನೆ ಮುಳುಗಿಸಿದ್ದು ಪಗಡೆಯ ಹಾಸಲ್ಲ, ಪಣ. (ಶಕುನಿಯ ದಾಳದ ವಿಚಾರ ಬೇರೆ.)

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಕೌಶಲ್ಯವಿರಲಿ, ಅದೃಷ್ಟವಿರಲಿ, ಎರಡೂ ಇರಲಿ, ಹಣ ಗೆಲ್ಲುವ ನಿರೀಕ್ಷೆಯಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಒಮ್ಮೆ ಬೆಲೆ ಕೊಟ್ಟು ಮನರಂಜನೆಗೆ ಆಡುವ ಆಟಗಳನ್ನು ಅದು ಹಾಗೆ ನೋಡುವುದಿಲ್ಲ, ಆ ಬೆಲೆ ಪಣವಲ್ಲ.

ಬಲಾಟ್ರೊಗೆ ಕೊಟ್ಟದ್ದು ಪುಸ್ತಕದ ಬೆಲೆಯಂಥದ್ದು. ಒಮ್ಮೆ ಕೊಟ್ಟರೆ ಮುಗಿಯಿತು. ನೂರು ಸಲ ಸೋತರೂ ಒಂದು ರೂಪಾಯಿ ಹೋಗುವುದಿಲ್ಲ, ನೂರು ಸಲ ಗೆದ್ದರೂ ಬರುವುದಿಲ್ಲ.

ನಾಲ್ಕರಲ್ಲಿ ಒಂದು ಎಂದರೆ

ನನಗೆ ಈ ಆಟಗಳು ಹತ್ತಿರವಾದದ್ದು ಸಂಭವನೀಯತೆಯ ಲೆಕ್ಕದಿಂದ. ಶಾಲೆಯಲ್ಲಿ ಚೀಲದಿಂದ ಕೆಂಪು ಚೆಂಡು ತೆಗೆದು ತೆಗೆದು ಬೇಸತ್ತ ಅದೇ ಪಾಠ.

ಬಲಾಟ್ರೊದಲ್ಲಿ ‘ವೀಲ್ ಆಫ್ ಫಾರ್ಚೂನ್’ ಎಂಬ ಎಲೆಯಿದೆ. ಅದು ನಿಮ್ಮ ಯಾವುದಾದರೊಂದು ಜೋಕರ್‌ನ ಶಕ್ತಿ ಹೆಚ್ಚಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾಲ್ಕು ಸಲ ಬಳಸಿದೆ, ನಾಲ್ಕೂ ಸಲ ಏನೂ ಆಗಲಿಲ್ಲ. “ಈ ಆಟ ಮೋಸ ಮಾಡುತ್ತೆ ಕಣೋ” ಎಂದೆ. ಹುಡುಗ ನಕ್ಕು, “ಚಿಕ್ಕಿ, ಲೆಕ್ಕ ಮಾಡಿ ನೋಡು” ಎಂದ. ಒಮ್ಮೆ ಸೋಲುವ ಸಾಧ್ಯತೆ ನಾಲ್ಕರಲ್ಲಿ ಮೂರು. ನಾಲ್ಕು ಸಲವೂ ಸೋಲಬೇಕಾದರೆ ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸುತ್ತಾ ನಾಲ್ಕು ಬಾರಿ ಹೋಗಬೇಕು. ಬರುವುದು 256ರಲ್ಲಿ 81, ಅಂದರೆ ಸುಮಾರು ಶೇ 32. ನಾಲ್ಕು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಹೆಚ್ಚುಕಡಿಮೆ 32 ಜನರಿಗೆ ಒಮ್ಮೆಯೂ ಸಿಗುವುದಿಲ್ಲ. ಹತ್ತು ಸಲ ಪ್ರಯತ್ನಿಸಿದರೂ ನೂರರಲ್ಲಿ ಐದಾರು ಜನ ಬರಿಗೈಯಲ್ಲೇ ಇರುತ್ತಾರೆ. ನನ್ನದು ದುರದೃಷ್ಟವೂ ಆಗಿರಲಿಲ್ಲ, ಮೋಸವೂ ಆಗಿರಲಿಲ್ಲ. ಮಾಮೂಲಿ.

“ಇಷ್ಟು ಸಲ ಬರಲಿಲ್ಲ, ಈಗ ಬಂದೇ ಬರುತ್ತೆ” ಎಂಬ ನಂಬಿಕೆ ಜೂಜುಕೋರರ ಭ್ರಮೆ ಎಂದೇ ಹೆಸರಾಗಿದೆ. ದಾಳಕ್ಕೆ ನೆನಪಿಲ್ಲ. ಅಕ್ಕನ ಮೈದುನ ಪ್ರತಿ ರಾತ್ರಿ ಹೇಳಿಕೊಳ್ಳುತ್ತಿದ್ದದ್ದೂ ಇದೇ ಮಾತಂತೆ.

ಆದರೆ ಒಂದು ತಮಾಷೆ ಗಮನಿಸಿ. ಕೆಲವು ಆಟಗಳಲ್ಲಿ ದಾಳಕ್ಕೆ ನಿಜವಾಗಿಯೂ ನೆನಪಿರುತ್ತದೆ! ‘ಸ್ಲೇ ದ ಸ್ಪೈರ್’ನಲ್ಲಿ ಕಾಳಗ ಗೆದ್ದಾಗ ಮದ್ದಿನ ಸೀಸೆ ಸಿಗುವ ಸಾಧ್ಯತೆ ಶೇ 40ರಿಂದ ಶುರುವಾಗುತ್ತದೆ. ಸಿಗದಿದ್ದರೆ ಮುಂದಿನ ಸಲಕ್ಕೆ 10 ಅಂಶ ಏರುತ್ತದೆ, ಸಿಕ್ಕರೆ 10 ಅಂಶ ಇಳಿಯುತ್ತದೆ. ಅಪರೂಪದ ಎಲೆಗಳಿಗೂ ಇಂಥದ್ದೇ ವ್ಯವಸ್ಥೆ. ನಿಜವಾದ ಯಾದೃಚ್ಛಿಕತೆ ಮನುಷ್ಯರಿಗೆ ಅನ್ಯಾಯದಂತೆ ಕಾಣುತ್ತದೆ ಎಂಬುದು ಆಟ ಮಾಡುವವರಿಗೆ ಗೊತ್ತು. ಆದ್ದರಿಂದ ಅದನ್ನು ತಟ್ಟಿ ನಯ ಮಾಡುತ್ತಾರೆ. ಆಟಕ್ಕೆ ಇದು ಒಳ್ಳೆಯದೇ. ಆದರೆ ಇಲ್ಲಿ “ಈಗ ಬರುತ್ತೆ” ಎಂಬ ಊಹೆ ನಿಜವಾಗುವುದನ್ನು ಕಂಡವರು ಅದನ್ನೇ ಲಾಟರಿ ಅಂಗಡಿಗೂ ಒಯ್ಯಬಹುದು. ಈ ಆಟಗಳ ಬಗ್ಗೆ ನನಗಿರುವ ನಿಜವಾದ ತಕರಾರು ಇದೊಂದೇ, ಅದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಮಗನಿಗೋ ಮಗಳಿಗೋ ಇದನ್ನು ಒಮ್ಮೆ ವಿವರಿಸಿ, ಫೋನ್ ಕಿತ್ತುಕೊಳ್ಳುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಬ್ಬರು, ಇಬ್ಬರು ಮಾಡುವ ಆಟ

ಬಲಾಟ್ರೊ ಆದಮೇಲೆ ನನ್ನ ಫೋನಿಗೆ ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಬಂತು. ಉಚಿತ, ಜಾಹೀರಾತಿಲ್ಲ, ಒಳಗಿನ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಹಳೆಯ ‘ರೋಗ್’ನ ನೇರ ವಂಶಸ್ಥ ಇದು, ಬಣ್ಣ ಬದಲಿಸುವ ಸೀಸೆಗಳೂ ಇವೆ. ದುಡ್ಡು ಹಾಕದೆ ರೋಗ್‌ಲೈಕ್ ಎಂದರೇನು ಎಂದು ನೋಡಬೇಕೆನ್ನುವವರು ಇದನ್ನೇ ನೋಡಿ. ಮೊದಲ ವಾರ ನಾನು ಇಲಿಗಳ ಕೈಯಲ್ಲೇ ಸತ್ತೆ. ಒಂದು ದಿನ ಬಾಗಿಲ ಸಂದಿಯಲ್ಲಿ ನಿಂತರೆ ಒಮ್ಮೆಗೆ ಒಂದೇ ಶತ್ರು ಮುಟ್ಟಬಲ್ಲ ಎಂಬುದು ಹೊಳೆಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸಂಜೆಯ ಖುಷಿ ಇನ್ನೂ ನೆನಪಿದೆ.

ಈ ಬಗೆಯ ಆಟಗಳನ್ನು ‘ಇಂಡಿ’, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದ ಸಣ್ಣ ತಂಡಗಳೇ ಹೆಚ್ಚು ಮಾಡಲು ಕಾರಣವಿದೆ. ಐವತ್ತು ಗಂಟೆ ಆಡುವಷ್ಟು ಊರು, ಕೋಟೆ, ಕಾಡುಗಳನ್ನು ಕೈಯಿಂದ ಬಿಡಿಸಲು ನೂರಾರು ಜನ ಬೇಕು. ಇಬ್ಬರಿದ್ದರೆ ತುಣುಕುಗಳನ್ನು ಮಾಡಿ, ಜೋಡಿಸುವ ನಿಯಮ ಬರೆದು, ಉಳಿದದ್ದನ್ನು ಕಂಪ್ಯೂಟರಿಗೆ ಬಿಡುತ್ತಾರೆ. ‘ಸ್ಪೆಲಂಕಿ’ಯ ಒಂದು ಹಂತ ಎಂದರೆ ನಾಲ್ಕಕ್ಕೆ ನಾಲ್ಕು, ಹದಿನಾರು ಕೋಣೆಗಳ ಚೌಕ. ಕಂಪ್ಯೂಟರ್ ಮೊದಲು ಮೇಲಿನಿಂದ ಕೆಳಗಿನ ಬಾಗಿಲವರೆಗೆ ಖಂಡಿತ ದಾಟಬಹುದಾದ ಒಂದು ದಾರಿ ಹಾಕಿಕೊಳ್ಳುತ್ತದೆ. ಆಮೇಲೆ ಉಳಿದ ಕೋಣೆ, ಹಾವು, ಬಾವಲಿ, ಬಲೆಗಳನ್ನು ತುಂಬುತ್ತದೆ. ನೋಡಲು ಬೇಕಾಬಿಟ್ಟಿ, ಒಳಗೆ ಕಟ್ಟುನಿಟ್ಟು. ‘ಎಫ್‌ಟಿಎಲ್’ ಎಂಬ ಗಗನನೌಕೆಯ ಆಟವನ್ನು ಮಾಡಿದ್ದೂ ಇಬ್ಬರೇ. 2012ರಲ್ಲಿ ಜನರಿಂದ 10 ಸಾವಿರ ಡಾಲರ್ ಕೇಳಿದರು, ಬಂದದ್ದು 2 ಲಕ್ಷಕ್ಕೂ ಹೆಚ್ಚು. ನಮ್ಮ ಪಕ್ಕದ ಹೈದರಾಬಾದಿನ ಸಣ್ಣ ತಂಡವೊಂದು ಪುರಾಣಗಳ ಪ್ರೇರಣೆಯಿಂದ 2017ರಲ್ಲಿ ‘ಅಸುರ’ ಎಂಬ ಇದೇ ಬಗೆಯ ಆಟ ತಂದಿತು.

ಸಾವನ್ನೇ ಕಥೆಯಾಗಿಸಿದ ‘ಹೇಡೀಸ್’ ನನ್ನ ಅಚ್ಚುಮೆಚ್ಚಿನದು. ಗ್ರೀಕ್ ಯಮನ ಮಗ ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಡುತ್ತಾನೆ, ಸಾಯುತ್ತಾನೆ, ಅಪ್ಪನ ಅರಮನೆಗೇ ವಾಪಸ್ಸು ಬೀಳುತ್ತಾನೆ. ಪ್ರತಿ ಸಲವೂ ಮನೆಯವರು ಹೊಸ ಮಾತಾಡುತ್ತಾರೆ. ಸೋತರೇ ಕಥೆ ಮುಂದೆ ಹೋಗುವುದು. ವಿಜ್ಞಾನ ಕಾದಂಬರಿಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ 2021ರಲ್ಲಿ ವಿಡಿಯೋ ಗೇಮ್ ವಿಭಾಗದಲ್ಲಿ ಇದಕ್ಕೆ ಸಿಕ್ಕಿತು.

ಡೋಪಮೈನ್ ಮಾತು ಎಲ್ಲಿಂದ ಬಂತು?

ಆಟವಾಡಿದರೆ ಡೋಪಮೈನ್ ಬಿಡುಗಡೆಯಾಗುತ್ತದೆ ಎಂಬುದಕ್ಕೆ ಬಹಳ ಸಲ ಬಳಕೆಯಾಗುವ ಆಧಾರ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲಂಡನ್ನಿನ ಒಂದು ಅಧ್ಯಯನ. ಅದರಲ್ಲಿ ಭಾಗವಹಿಸಿದವರು ಎಂಟು ಮಂದಿ ಗಂಡಸರು. ಆಡಿದ್ದು ಟ್ಯಾಂಕ್ ಓಡಿಸುವ ಸರಳ ಆಟ. ಹಂತ ದಾಟಿದ್ದಕ್ಕೆ ಅವರಿಗೆ ಹಣ ಸಿಗುತ್ತಿತ್ತು ಎಂಬ ಸಣ್ಣ ವಿವರ ಫಾರ್ವರ್ಡ್‌ಗಳಿಗೆ ಬರುವಷ್ಟರಲ್ಲಿ ಉದುರಿಹೋಗಿದೆ. ಡೋಪಮೈನ್ ಹೆಚ್ಚಿದ್ದು ನಿಜ. ಆದರೆ ಹಸಿದಾಗ ಊಟ ಮಾಡಿದರೂ, ಇಷ್ಟದ ಹಾಡು ಕೇಳಿದರೂ ಅದು ಹೆಚ್ಚುತ್ತದೆ. ಡೋಪಮೈನ್ ಬಂತು ಎಂದ ಮಾತ್ರಕ್ಕೆ ಚಟ ಹತ್ತಿತು ಎಂದಾಗುವುದಿಲ್ಲ. ಮಾದಕವಸ್ತುಗಳು ಆ ವ್ಯವಸ್ಥೆಯನ್ನು ನೇರವಾಗಿ ರಾಸಾಯನಿಕದಿಂದ ಅಲುಗಾಡಿಸುತ್ತವೆ. ಆಟ ಹಾಗೆ ಮಾಡುವುದಿಲ್ಲ.

ಹಾಗಾದರೆ ಗೇಮಿಂಗ್ ಚಟ ಎಂಬುದೇ ಇಲ್ಲವೇ? ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ, 2022ರ ಜನವರಿಯಿಂದ, ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಎಷ್ಟು ಗಂಟೆ ಆಡಿದರು ಎಂಬುದು ಅದರ ಅಳತೆಗೋಲಲ್ಲ. ಯಾವಾಗ ಶುರು, ಯಾವಾಗ ನಿಲುಗಡೆ ಎಂಬ ಹಿಡಿತ ತಪ್ಪಿರಬೇಕು. ಊಟ, ನಿದ್ದೆ, ಓದು, ಸ್ನೇಹಿತರಿಗಿಂತ ಆಟವೇ ಮುಂದಾಗಿರಬೇಕು. ಹಾನಿ ಕಣ್ಣಿಗೆ ಕಂಡರೂ ಆಟ ಮುಂದುವರಿಯುತ್ತಿರಬೇಕು. ಇವೆಲ್ಲ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಇದ್ದು ಬದುಕನ್ನು ಕೆಡಿಸಿದ್ದರೆ ಮಾತ್ರ ವೈದ್ಯರು ಆ ಹೆಸರು ಹಾಕುತ್ತಾರೆ. ಪರೀಕ್ಷೆ ಮುಗಿದ ವಾರ ದಿನವಿಡೀ ಆಡಿದ ಹುಡುಗನಿಗೆ ಈ ಹೆಸರು ಅಂಟುವುದಿಲ್ಲ. ಶಾಲೆ ಬಿಟ್ಟು ಕೋಣೆ ಸೇರಿದವನನ್ನು ‘ವಯಸ್ಸಿನ ಹುಚ್ಚು’ ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ದೂರದ ಊರಿನವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಣದ ಆಟದಲ್ಲಿ ಸಿಕ್ಕಿಕೊಂಡವರಿಗೂ ಅದೇ ಸಂಖ್ಯೆ.

‘ಇನ್ನೊಂದೇ ಆಟ’ ಎಂಬ ಸೆಳೆತ ರೋಗ್‌ಲೈಕ್‌ಗಳಲ್ಲಿ ಜೋರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸತ್ತದ್ದೇ ಹೊಸ ಆಟದ ಬಟನ್ ಎದುರಿಗೆ ಬರುತ್ತದೆ, ಹೋದ ಸಲದ ತಪ್ಪು ಇನ್ನೂ ಬಿಸಿಯಾಗಿರುತ್ತದೆ. ಒಂದು ರಾತ್ರಿ ಎರಡೂವರೆಗೆ ಫೋನಿಟ್ಟು, ಮರುದಿನ ಕಚೇರಿಯ ಸಭೆಯಲ್ಲಿ ತೂಕಡಿಸಿದವಳು ನಾನು.

ರೋಗ್‌ಲೈಕ್ ಎಂಬ ಹಣೆಪಟ್ಟಿ ಹಾಕಿಕೊಂಡ ಎಲ್ಲ ಮೊಬೈಲ್ ಆಟಗಳೂ ಒಂದೇ ಅಲ್ಲ. ಸತ್ತಾಗ ಜಾಹೀರಾತು ನೋಡಿದರೆ ಜೀವ ಕೊಡುವ, ದುಡ್ಡು ಕೊಟ್ಟರೆ ಪೆಟ್ಟಿಗೆ ತೆರೆಯಲು ಬಿಡುವ, ದಿನಾ ಬರದಿದ್ದರೆ ಬಹುಮಾನ ತಪ್ಪಿಸುವ ಆಟಗಳೂ ಇದೇ ಹೆಸರಿನಲ್ಲಿ ಓಡಾಡುತ್ತಿವೆ. ಇನ್‌ಸ್ಟಾಲ್ ಮಾಡುವ ಮೊದಲು ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗಿನ ಸಣ್ಣಕ್ಷರದ ಸಾಲು ಓದಿ. ಜಾಹೀರಾತುಗಳಿವೆ, ಆ್ಯಪ್ ಒಳಗೆ ಖರೀದಿಗಳಿವೆ ಎಂದು ಅಲ್ಲೇ ಬರೆದಿರುತ್ತದೆ. ಒಳಗಿನ ಖರೀದಿಯ ಬೆಲೆ ಸಾವಿರಾರು ರೂಪಾಯಿವರೆಗೂ ಇದ್ದರೆ ಆ ಆಟ ದುಡ್ಡು ಮಾಡುವುದು ಎಲ್ಲಿಂದ ಎಂದು ಊಹಿಸುವುದು ಕಷ್ಟವಲ್ಲ. ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ನಲ್ಲೂ ಮಾಡಿದವರಿಗೆ ಬೆಂಬಲ ಕೊಡುವ ಖರೀದಿ ಇದೆ, ಆದರೆ ಅದನ್ನು ಕೊಂಡರೆ ಆಟದಲ್ಲಿ ಬಲ ಹೆಚ್ಚುವುದಿಲ್ಲ. ಹೀಗೆ ಆ ಸಾಲು ಓದಿದ ಮೇಲೂ ಐದು ನಿಮಿಷ ಆಡಿಯೇ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಅಕ್ಕನಿಗೆ ಒಂದು ಪ್ರಶ್ನೆ ಉಳಿದಿತ್ತು. “ಅದೆಲ್ಲ ಸರಿ ಕಣೇ. ಊಟಕ್ಕೆ ಕರೆದ್ರೆ, ‘ಅಮ್ಮಾ, ಈಗ ನಿಲ್ಸಿದ್ರೆ ಎಲ್ಲ ಹೋಗುತ್ತೆ, ಮೊದಲಿಂದ ಆಡ್ಬೇಕು’ ಅಂತಾನಲ್ಲ, ಅದು ನಿಜವಾ?” ನಿಜವಲ್ಲ. ಸತ್ತರೆ ಮಾತ್ರ ಮೊದಲಿನಿಂದ. ಬಲಾಟ್ರೊ ಆಗಲಿ, ‘ಸ್ಲೇ ದ ಸ್ಪೈರ್’ ಆಗಲಿ, ನಡುವೆ ಬಿಟ್ಟು ಹೋದರೆ ಆಟ ಉಳಿದಿರುತ್ತದೆ, ನಾಳೆ ಮುಂದುವರಿಸಬಹುದು. 1980ರ ‘ರೋಗ್’ನಲ್ಲೂ ಆ ಸೌಲಭ್ಯವಿತ್ತು. ಈಗ ಅವರ ಮನೆಯಲ್ಲಿ ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಹಾಲಿನ ಟಿವಿ ಸ್ಟ್ಯಾಂಡಿನ ಮೇಲೆ. ಈ ಮಾಹಿತಿ ಅವರಮ್ಮನಿಗೆ ಕೊಟ್ಟದ್ದಕ್ಕೆ ಹುಡುಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೇ ದಿನ ಒಂದು ಸ್ಕ್ರೀನ್‌ಶಾಟ್ ಬಂತು: ಅವನು ಗೆದ್ದಿದ್ದ.